ಐದನೆಯ ಗೆಣ್ಣು

ಬರಪೊಳೆಯ ಜುಲೈ ತಿಂಗಳ ಕೆಂಪು ನೀರಿಗೆ
ರಾಫ್ಟು ಇಳಿಸುವವಳು ನಾನು.
ಎರಡು ಸಲ ಮಗುಚಿ, ಒಂದು ಸಲ ಬಂಡೆಯಡಿ ಸಿಕ್ಕಿ
ಎಡಭುಜದ ಕೀಲು ಕಳಚಿಕೊಂಡು
ಮರುವಾರವೇ ಬಲಗೈಯಲ್ಲಿ ಹುಟ್ಟು ಹಿಡಿದವಳು.
'ದೇಚವ್ವನ ಗುಂಡಿಗೆ ಕಲ್ಲು' ಎನ್ನುತ್ತಾರೆ
ಬಿರುನಾಣಿಯ ಅಂಗಡಿ ಕಟ್ಟೆಯಲ್ಲಿ.
ಕೇಳಿಸದ ಹಾಗೆ ಸಕ್ಕರೆ ಕಟ್ಟಿಸಿಕೊಂಡು ಬರುತ್ತೇನೆ.

ಅವರಿಗೆ ಗೊತ್ತಿಲ್ಲ,
ನಮ್ಮ ಜಗಲಿಯ ಬಲ್ಬು ಹೋಗಿ ಎರಡು ವರ್ಷವಾಯಿತು.
ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ನಾನು,
ಅಷ್ಟಕ್ಕೇ ಅಂಗಾಲಿನಲ್ಲಿ ಇರುವೆಗೂಡು ಒಡೆಯುತ್ತದೆ,
ಮೊಣಕಾಲು ಬೇರೆ ಯಾರದೋ ಆಗುತ್ತದೆ.
ಮಡಿಕೇರಿಯ ರಾಜಾಸೀಟಿನಲ್ಲಿ ಎಲ್ಲರೂ ಸೂರ್ಯನನ್ನು ನೋಡುವಾಗ
ನಾನು ಕಡಲೆಕಾಯಿ ಮಾರುವವನ ಬೆನ್ನು ನೋಡುತ್ತೇನೆ.
ರೆಸಾರ್ಟಿನವರು ಜಿಪ್‌ಲೈನಿಗೆ ಕರೆದರು, ಎರಡರಷ್ಟು ಸಂಬಳ.
'ತಂತಿಯ ಮೇಲೆ ಬಟ್ಟೆ ಒಣಗಬೇಕು,
ಮನುಷ್ಯರಲ್ಲ' ಎಂದು ಬಂದುಬಿಟ್ಟೆ.

ಕೈಲ್‌ಪೊಳ್ದಿಗೆ ಮರದ ತುದಿಯಲ್ಲಿ ತೆಂಗಿನಕಾಯಿ ಕಟ್ಟುತ್ತಾರೆ.
ಕಟ್ಟಲು ಹತ್ತುವವನ ಕಡೆ ತಿರುಗಿಯೂ ನೋಡುವುದಿಲ್ಲ.
ಅವನಿಳಿದ ಮೇಲೆ ಕೋವಿ ಎತ್ತಿ, ಉಸಿರು ಹಿಡಿದು
ಒಂದೇ ಏಟಿಗೆ ಒಡೆಯುತ್ತೇನೆ.
ನನ್ನ ಪರವಾಗಿ ಗುಂಡು ಹತ್ತುತ್ತದೆ,
ಇಳಿಯುವ ಚಿಂತೆ ಅದಕ್ಕಿಲ್ಲ.

ಯಾಕೆ ಹೀಗೆ ಎಂದು ದಡದಲ್ಲಿ ಕೂತು ಯೋಚಿಸಿದ್ದುಂಟು.
ಹೊಳೆ ಬಾಯಿಬಡುಕಿ.
ಎಲ್ಲಿ ಬಂಡೆ, ಎಲ್ಲಿ ಸುಳಿ, ಎಲ್ಲಿ ಮೋಸ,
ತಿರುವಿಗೆ ಮೊದಲೇ ಒದರಿಬಿಡುತ್ತದೆ.
ಬಿದ್ದರೂ ಬೈಯುತ್ತಾ ಗುದ್ದುತ್ತಾ ಎಲ್ಲಿಗೋ ಒಯ್ಯುತ್ತದೆ,
ಬಿದ್ದವರಿಗೂ ಅಲ್ಲಿ ಒಂದು ಕೆಲಸವಿದೆ.
ತಡಿಯಂಡಮೋಳಿನ ಅಂಚು ಹಾಗಲ್ಲ.
ಸುಮ್ಮನಿರುತ್ತದೆ.
ಮಂಜು ಸರಿದರೆ ಕೆಳಗೊಂದು ಹಸಿರು, ಅದರ ಕೆಳಗಿನ್ನೊಂದು,
ಯಾರೂ ಏನೂ ಹೇಳುವುದಿಲ್ಲ.
ಚಾರಣದವರನ್ನು ಕರೆದೊಯ್ದ ದಿನ, ಕೊನೆಯ ಏರಿನಲ್ಲಿ
ಹುಲ್ಲು ಹಿಡಿದು ನಾಲ್ಕು ಕಾಲಿನಲ್ಲಿ ಹೋದೆ.
'ಜಿಗಣೆ ಇದೆಯಾ ನೋಡ್ತಿದ್ದೆ' ಎಂದೆ.
ನಂಬಿದರು,
ಎಲ್ಲರೂ ಬಗ್ಗಿ ಕಾಲು ನೋಡಿಕೊಂಡರು.

ಈ ಫೆಬ್ರವರಿಯಲ್ಲಿ ಮೆಣಸು ಕೊಯ್ಯಲು ಬಂದ ಬೊಳಕ
ಸಿಲ್ವರ್ ಓಕಿನ ನೆತ್ತಿಯಲ್ಲಿ, ಒಂಟಿ ಬಿದಿರಿನ ಏಣಿಯ ಮೇಲೆ
ಒಂದು ಕಾಲು ಗೆಣ್ಣಿಗೆ, ಒಂದು ಕಾಲು ಗಾಳಿಗೆ ಕೊಟ್ಟು
ಬೀಡಿ ಹಚ್ಚುತ್ತಿದ್ದ.
ನೆಲದ ಮೇಲೆ ನಿಂತ ನಾನು ಬೆವರಿದೆ.
ಇಳಿದು, ಸೊಂಟದ ಚೀಲ ಸುರಿದು ಹೇಳಿದ:
'ಅಕ್ಕ, ನಿಮ್ಮ ಹೊಳೆ ಕಂಡರೆ ನನಗಾಗದು.
ಮಳೆಗಾಲದಲ್ಲಿ ಹೆಂಡತಿಯ ಊರಿಗೆ ಹೋಗುವಾಗ
ಮರದ ಪಾಲವನ್ನೂ ಕಣ್ಣು ಮುಚ್ಚಿ ದಾಟುತ್ತೇನೆ,
ಅವಳ ಸೆರಗು ಹಿಡಿದು.'
ನಾನು ನಗಲಿಲ್ಲ.
ಅವನೂ ನನ್ನ ಬೆವರು ನೋಡಿಯಾಗಿತ್ತು.

'ಹತ್ತಿ' ಎಂದ.
'ಕೆಳಗೆ ನೋಡಬೇಡಿ ಅನ್ನುತ್ತಾರೆ ಎಲ್ಲ, ಸುಳ್ಳು.
ಏಣಿ ಹಿಡಿದವನು ಇದ್ದಾನೋ ಇಲ್ಲವೋ
ಅದನ್ನೇ ಮೊದಲು ನೋಡಬೇಕು.'

ಮೊದಲ ಗೆಣ್ಣು ಜಗಲಿಯಷ್ಟೇ ಎತ್ತರ.
ಎರಡಕ್ಕೆ ಕಾಫಿಗಿಡದ ಭುಜ ಕಂಡಿತು,
ಮೂರಕ್ಕೆ ನೆತ್ತಿ.
ನಾಲ್ಕರಲ್ಲಿ ಹೊಟ್ಟೆ ಬಾಯಿಗೆ ಬಂತು. ಕೆಳಗೆ ನೋಡಿದೆ:
ಬೊಳಕನ ತಲೆ, ನಡುವೆ ರೂಪಾಯಿಯಗಲ ಬೋಳು,
ಬಿದಿರಿನ ಬುಡಕ್ಕೆ ಒತ್ತಿದ ಎರಡು ಪಾದ,
ಕಿವಿಗೆ ಸಿಕ್ಕಿಸಿದ ಅರ್ಧ ಬೀಡಿ.
ಪ್ರಪಾತ ನನಗೆ ಮುಖ ತೋರಿಸಿದ್ದು ಅದೇ ಮೊದಲು.
ಕೆಮ್ಮಿತು ಸಹ.

ಐದರಲ್ಲಿ ಕೈ ಚಾಚಿ
ಬಳ್ಳಿಯಲ್ಲಿ ಸಿಕ್ಕಿದ್ದೊಂದು ಗೊಂಚಲು ಕಿತ್ತು
ಇಳಿದೆನೋ ಜಾರಿದೆನೋ.
ಗಿಡದ ಮರೆಯಲ್ಲಿ ಬೆಳಗಿನ ಅಕ್ಕಿರೊಟ್ಟಿಯೆಲ್ಲ ಕಾರಿ
ಬಾಯಿ ತೊಳೆದು ಬಂದಾಗಲೂ ಮುಷ್ಟಿ ಬಿಚ್ಚಿರಲಿಲ್ಲ.
ಒಂದೊಂದೇ ಬೆರಳು ಬಿಡಿಸಿದೆ.
ಬೊಳಕ ಬಗ್ಗಿ ನೋಡಿದ, ಮೂಸಿದ.
'ಒಂದು ಕಾಳೂ ಕೆಂಪಾಗಿಲ್ಲ, ಎಳೆಯದು ಕಿತ್ತಿದ್ದೀರಿ.
ಹಣ್ಣಾದದ್ದು ಇನ್ನೂ ಮೇಲಿದೆ.'

'ಜುಲೈ ಬರಲಿ, ತಾಳು' ಎಂದೆ.