ಇನ್ನು ನಲವತ್ತೊಂದು ಗಂಟೆ

ಎಂಜಿನ್ನಿನ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ.
ರಟ್ಟು ಹೋಗಿದೆ, ಪುಟಪುಟಕ್ಕೂ ಎಣ್ಣೆಯ ಹೆಬ್ಬೆಟ್ಟು.
ಹಾರಿದ ಗಂಟೆ ಎಡಕ್ಕೆ, ಉಳಿದದ್ದು ಬಲಕ್ಕೆ.
ತಾರೀಖಿನ ಜಾಗಕ್ಕೆ ಏನು ಬರೆಯಲಿ?
ಇಲ್ಲಿ ಚಂದ್ರ ಎರಡು.
ದೊಡ್ಡದು ತುಂಬಿದ್ದು ಮೂರು ಸಲ, ಚಿಕ್ಕದು ಹನ್ನೊಂದು
ಎಂದು ಬರೆದಿದ್ದೇನೆ.

ನಾವು ಮೂವರು.
ಕ್ಯಾಪ್ಟನ್ ಒಸ್ತಾಪ್, ಪೊಲ್ತಾವದವನು.
ದಾರಿ ನೋಡುವ ವಖ್ತಾಂಗ್, ಕುತಾಯಿಸಿಯ ದರ್ಜಿಯ ಮಗ.
ನಟ್ಟು ಬಿಗಿಯುವ ನಾನು, ಸಾಬಿತ್,
ಅರಾಲ್ ಸಮುದ್ರ ಬಿಟ್ಟುಹೋದ ಊರಿನವನು.
ದೋಣಿಗಳು ಮರಳಲ್ಲಿ ನಿಂತದ್ದು ನೋಡಿ ಬೆಳೆದವನಿಗೆ
ಸಲ್ಲದ ಜಾಗದಲ್ಲಿ ನಿಂತ ಹೆಲಿಕಾಪ್ಟರು ಹೊಸತಲ್ಲ.

ಅಂದು ಕಾಬೂಲಿನ ಬಡಗಣ ಕಣಿವೆ.
ಸುಡಬೇಕಾದ ಊರಿನ ಮಾಳಿಗೆಗಳ ಮೇಲೆಲ್ಲ
ಜರ್ದಾಳು ಒಣಹಾಕಿದ್ದರು.
'ಜರ್ದಾಳು' ಅಂದ ಕ್ಯಾಪ್ಟನ್,
ಅಷ್ಟೇ ಅಂದು ರೇಡಿಯೋ ಆರಿಸಿ ಮೂತಿ ತಿರುಗಿಸಿದ.
ಬೆನ್ನ ಹಿಂದೆ ನಮ್ಮದೇ ಎರಡು ಹೆಲಿಕಾಪ್ಟರು,
ಎದುರಿಗೆ ಹಳದಿ ದೂಳಿನ ಗೋಡೆ.
ನುಗ್ಗಿದೆವು. ಆಚೆ ಬದಿಯಲ್ಲಿ ಆಫ್ಘಾನಿಸ್ತಾನ ಇರಲಿಲ್ಲ.

ಇಲ್ಲಿ ನಮ್ಮನ್ನು ಬಾಡಿಗೆಗೆ ಹಿಡಿದವಳು
ಮೂರು ಕೋಟೆಗಳ ಒಡತಿ, ಇರ್ಹೆನ್ ಎಂಬ ಮುದುಕಿ.
ಹಲ್ಲಿಲ್ಲ, ದಯೆಯಿಲ್ಲ, ಮಾತಿಗೆ ಮಾತ್ರ ತಪ್ಪುವುದಿಲ್ಲ.
ಅವಳ ಜನ ದೀಪದೆಣ್ಣೆಯನ್ನೇ ಸೋಸಿ ಸೋಸಿ ತರುತ್ತಾರೆ.
ಎಂಜಿನ್ ಕೆಮ್ಮುತ್ತದೆ, ಆದರೂ ಕುಡಿಯುತ್ತದೆ,
ಬಡವರ ಮನೆಗೆ ಬಂದ ನೆಂಟನ ಹಾಗೆ.
ದೊಡ್ಡ ಚಂದ್ರ ತುಂಬಿದಾಗೊಮ್ಮೆ ಸಂಬಳ:
ತಲೆಗೊಂದು ಚೀಲ ಉಪ್ಪು. ಇಲ್ಲಿ ಬೆಳ್ಳಿಗಿಂತ ತುಟ್ಟಿ.
ನಮ್ಮೂರಲ್ಲಿ ಗಾಳಿಯೇ ಬಿಟ್ಟಿಯಾಗಿ ತಂದು
ಕಣ್ಣಿಗೆ ತುಂಬುತ್ತಿತ್ತು.

ಮೊದಮೊದಲು ಸುಲಭವಿತ್ತು.
ವೈರಿಯ ಕೋಟೆಯ ಮೇಲೆ ಸುಮ್ಮನೆ ಎರಡು ಸುತ್ತು,
ಕುದುರೆಗಳು ಕಟ್ಟು ಕಿತ್ತು ಓಡುವವು,
ಬಾಗಿಲು ತಾನೇ ತೆರೆಯುವುದು.
ಸಂಜೆ ಹುರಿದ ಮಾಂಸ, ವಖ್ತಾಂಗನ ಹಾಡು.
ನಮ್ಮದಕ್ಕೆ ಇವರು ಇಟ್ಟ ಹೆಸರು
ಗಾಳಿ ಬೀಸುವ ಕಲ್ಲು.
ಎಣ್ಣೆ ಹೊರುವ ಹುಡುಗಿ ತೆವೀ ಒಮ್ಮೆ
ರೆಕ್ಕೆಯ ಕೆಳಗೆ ನಿಂತು, ಕತ್ತು ಮೇಲೆ ಮಾಡಿ ಕೇಳಿದಳು:
'ಬೀಸುತ್ತದೆ, ಸರಿ. ಹಿಟ್ಟು ಎಲ್ಲಿ ಬೀಳುತ್ತದೆ?'
ನಾವು ನಕ್ಕೆವು.

ಮೊನ್ನೆ ಹಾರಿಸಿದೆವು. ಹೇಳಿಬಿಡುತ್ತೇನೆ.
ಸುಂಕ ಕೊಡದ ಹೊಳೆಯ ಜನರ ಮೂರು ದೋಣಿ.
ರಾಕೆಟ್ ಒಂದು. ಪುಸ್ತಕದಲ್ಲಿ ಬರೆದದ್ದು 'ಪರೀಕ್ಷೆಗಾಗಿ'.
ಉಳಿದದ್ದು ಆರು.
'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಅಂದ ವಖ್ತಾಂಗ್,
ಆ ರಾತ್ರಿ ಹಾಡಲಿಲ್ಲ.
ಕುಡಿಯುವ ನೀರೂ ಅದೇ ಹೊಳೆಯದು.
ಬೆಳಿಗ್ಗೆ ಬಿಂದಿಗೆಯ ಬಾಯಲ್ಲಿ
ಕರಕು ಹಲಗೆಯ ಚೂರೊಂದು ಸಿಕ್ಕಿಕೊಂಡಿತ್ತು.
ತೆವೀ ಅದನ್ನು ಬೆರಳಲ್ಲಿ ತೆಗೆದು,
ಲಂಗಕ್ಕೆ ಒರೆಸಿ, ನನ್ನ ಕೈಗೆ ಕೊಟ್ಟಳು.
ಏನೂ ಕೇಳಲಿಲ್ಲ.

ನಾಳೆ ಅವರ ಊರು.
ಇಂದು ಮೇಲಿಂದ ನೋಡಿ ಬಂದೆವು.
ಜೊಂಡಿನ ಮಾಡುಗಳ ಮೇಲೆ ಸೀಳಿದ ಮೀನು, ಸಾಲುಸಾಲು,
ಬಿಸಿಲಿಗೆ ಕೆಂಪಗೆ.
ಕ್ಯಾಪ್ಟನ್ ಈ ಸಲ ಏನೂ ಅನ್ನಲಿಲ್ಲ.
ಆರಿಸಲು ಇಲ್ಲಿ ರೇಡಿಯೋ ಕೂಡ ಇಲ್ಲ.

ಈಗ ನಡುರಾತ್ರಿ. ಮೇಲೆ ಹತ್ತಿ ಕೂತಿದ್ದೇನೆ.
ಐದೂ ರೆಕ್ಕೆಗಳನ್ನು ಹಿಡಿದಿರುವುದು ಒಂದೇ ಒಂದು ನಟ್ಟು,
ನನ್ನ ಎರಡು ಮುಷ್ಟಿಯಷ್ಟು.
ಅದನ್ನು ಮುಟ್ಟಲಾರೆ.
ಆ ಇಬ್ಬರೂ ಇದೇ ಕಲ್ಲಿನೊಳಗೆ ಕೂರುವವರು.
ಆದರೆ ಪುಸ್ತಕವಿದೆ.
ಮೆಕ್ಯಾನಿಕ್ಕಿನ ಸಹಿಯಿಲ್ಲದೆ ಇದು ನೆಲ ಬಿಡಕೂಡದು.
ಆ ಲೋಕದ ಕಾನೂನು,
ಈ ಲೋಕದಲ್ಲಿ ನಮಗೆ ಇನ್ನೊಂದಿಲ್ಲ.

ಕೆಳಗೆ ದೀಪ ಬಂತು. ಕ್ಯಾಪ್ಟನ್, ಬರಿಗಾಲಲ್ಲಿ.
ಸ್ಪ್ಯಾನರು ನೋಡಿದ. ಪುಸ್ತಕ ನೋಡಿದ.
'ಎಷ್ಟು ಗಂಟೆ ಉಳಿದಿದೆ, ಸಾಬಿತ್?'

ನಲವತ್ತೊಂದು.
ನಾಲಿಗೆಯ ತುದಿಗೆ ಬಂದಿತ್ತು, ಉಪ್ಪುಪ್ಪಾಗಿ.

'ಒಂದೂ ಇಲ್ಲ' ಅಂದೆ.

ಅವನು ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ದೀಪವನ್ನು ತುಸು ಮೇಲಕ್ಕೆತ್ತಿ ಹಿಡಿದ,
ನನಗೆ ಬರೆಯಲು ಕಾಣಲೆಂದು.