ಕುಪ್ಪಿಯ ಜಾಗ

ಸ್ಪ್ಯಾನರ್, ಜ್ಯಾಕು, ವೀಲ್ ಪಾನಾ: ಕಣ್ಮುಚ್ಚಿ ಎತ್ತಿಡಬಲ್ಲೆ.
ಈ ಚಹಾ ಪೆಟ್ಟಿಗೆ ಮಾತ್ರ
ನಾಲ್ಕು ತಿಂಗಳಾದರೂ ಕೈಗೆ ಒಲಿದಿಲ್ಲ.

ಸಾಹೇಬರನ್ನು ನರಸಾಪುರದ ಫ್ಯಾಕ್ಟರಿಗೆ ಬಿಟ್ಟು
ಅಂತರಗಂಗೆಯ ಮೆಟ್ಟಿಲು ಹತ್ತಿದೆವು,
ಫುಮಿಯೆ ಮೇಡಂ ಮುಂದೆ, ಫ್ಲಾಸ್ಕು ಹೊತ್ತ ನಾನು ಹಿಂದೆ.
ಬಂಡೆಗೆ ಟವೆಲು ಹಾಸಿ ಮಂಡಿಯೂರಿದೆ.

ರೇಷ್ಮೆ ಚೀಲದಲ್ಲಿ ಬಟ್ಟಲು,
ಬಟ್ಟಲೊಳಗೆ ಇನ್ನೊಂದು ಚೀಲ,
ಅದರೊಳಗೆ ಹಸಿರು ಪುಡಿಯ ಭರಣಿ.
ಬಿದಿರು ಚಮಚ ಎಡಕ್ಕೋ ಬಲಕ್ಕೋ?
ಅವರು ಹೇಳಲಿಲ್ಲ.
ತಪ್ಪಿಟ್ಟೆ. ಆಗಲೂ ಹೇಳಲಿಲ್ಲ.
ನಾನೇ ತೆಗೆದು ಮತ್ತೆ ಇಟ್ಟೆ.

ಜಪಾನಿನ ಮಿಠಾಯಿ ಮುಗಿದಿತ್ತು;
ಪುಟ್ಟ ಕುಪ್ಪಿಯಲ್ಲಿ ತುಂಬಿದ್ದು
ದೊಡ್ಡಪೇಟೆಯ ಕಲ್ಲುಸಕ್ಕರೆ.
ಬಿರಡೆ ತೆಗೆದೆನೋ ಇಲ್ಲವೋ,
ಎಲ್ಲಿತ್ತೋ ಆ ಕೋತಿ,
ಕುಪ್ಪಿ ಸಮೇತ ಬಂಡೆಯ ತುದಿಗೆ!

ಲೇ ಎಂದು ಕಲ್ಲೆತ್ತಿದ್ದೆ.
ಮೇಡಂ ಎರಡೂ ಅಂಗೈ ನೆಲಕ್ಕೂರಿ
ಕೋತಿಗೆ ತಲೆಬಾಗಿದರು.
‘ಅತಿಥಿಗೆ ಸಿಹಿ ಮೊದಲು, ಪಿಳ್ಳಪ್ಪ-ಸಾನ್.’

ಕಲ್ಲು ಬಿಟ್ಟು ನಾನೂ ಬಾಗಿದೆ, ನಗು ನುಂಗಿ.
ಕಲಸಿದೆ. ಹೊಂಗೆಚಿಗುರು ಅರೆದಂಥ ಬಣ್ಣ;
ಈ ಸಲ ನೊರೆ ಬಂತು.

ಮರಳಿ ಜೋಡಿಸುವಾಗ
ಕುಪ್ಪಿಯ ಜಾಗ ಖಾಲಿ.
ಕೈ ಮಾತ್ರ ಅಲ್ಲಿಗೆ ಹೋಗಿ,
ಇಲ್ಲದ್ದನ್ನು ಇಟ್ಟು, ಬಂತು.

ಮೇಡಂ ‘ಸರಿ’ ಎಂದದ್ದು ಅದೊಂದಕ್ಕೇ.