ಹಿಮ್ಮೇಳಕ್ಕೊಂದು ಡಬ್ಬಿ

ಮಡಗಾಂವದ ಲೋಟ್ಲೀಕಾರರ ಅಂಗಡಿ.
ಗಾಜಿನ ಕಪಾಟಿನೊಳಗೆ ಮೂರು ಲೂಪರ್ ಪೆಡಲ್,
ಮೇಲೆ ಕಿರುಗುಟ್ಟುವ ಫ್ಯಾನು, ಅದಕ್ಕೂ ಒಂದು ಲಯ.
ಜೇಬಿನಲ್ಲಿ ನಾಲ್ಕು ಸಾವಿರದ ಇನ್ನೂರು,
ಆ ಇನ್ನೂರು ಅವ್ವನ ಗುಳಿಗೆಗೆ, ವಾಸ್ಕೋ ಬಸ್ಸಿಗೆ.

ಕೆಂಪನೆಯದು ದೊಡ್ಡದು. ಹದಿನಾಲ್ಕು ಸಾವಿರ.
‘ಮುಟ್ಟಿ ನೋಡು, ಮುಟ್ಟೋಕೆ ದುಡ್ಡಿಲ್ಲ’ ಅಂದರು.
ಮುಟ್ಟಲಿಲ್ಲ.
ಮುಟ್ಟಿದರೆ ಬೇಕಾಗುತ್ತದೆ.

ಹಳದಿಯದಕ್ಕೆ ನಿಲ್ಲಿಸಲು ಬೇರೆಯೇ ಗುಂಡಿ,
ಆ ಗುಂಡಿಗೇ ಮೂರು ಸಾವಿರ ಹೆಚ್ಚು.

ಉಳಿದದ್ದು ಸೋಪಿನ ಡಬ್ಬಿಯಷ್ಟು ಹಸಿರು.
ಒಂದೇ ಗುಂಡಿ. ಒತ್ತಿದರೆ ಕೇಳಿಸಿಕೊಳ್ಳುತ್ತದೆ,
ಮತ್ತೆ ಒತ್ತಿದರೆ ಕೇಳಿದ್ದನ್ನೇ ಹೇಳುತ್ತದೆ,
ಇನ್ನೊಮ್ಮೆ ಒತ್ತಿದರೆ ಹೇಳುತ್ತಲೇ ಕೇಳುತ್ತದೆ.
ಸುಮ್ಮನಿರು ಅನ್ನಲು ಪಟಪಟ ಎರಡು ಸಲ ಒತ್ತಬೇಕು.
ಆ ಎರಡರ ನಡುವೆ ಒಂದು ಚೂರು ದನಿ
ಬಾಗಿಲಿಗೆ ಸಿಕ್ಕ ಸೆರಗಿನ ಹಾಗೆ
ಹೊರಗೇ ಉಳಿದುಬಿಡುತ್ತದೆ.

ಕೈತಾನ ಮೇ ತಿಂಗಳಲ್ಲಿ ಹಡಗು ಹತ್ತಿದ.
ಅಡುಗೆಮನೆ ಕೆಲಸ, ಡಾಲರಿನ ಪಗಾರ.
ಆರು ಸೀಜನ್ ಅವನು ಹಾಸಿದ ಕಾರ್ಡುಗಳ ಮೇಲೆ
ನನ್ನ ಬೆರಳು ಬರಿಗಾಲಲ್ಲಿ ಓಡಾಡಿದ್ದವು.
ಬೆನಾವ್ಲಿಯ ಶ್ಯಾಕಿನ ಮಾಲೀಕ ಹೇಳಿದ್ದಾನೆ:
ಈ ಸಲ ಒಬ್ಬನ ಪಗಾರ ಮಾತ್ರ.
ಒಬ್ಬನೇ ಬಾ,
ಇಬ್ಬರ ಹಾಗೆ ಕೇಳಿಸು.

ಅಂಗಡಿಯ ಗಿಟಾರು ಹಿಡಿದು ನಾಲ್ಕು ಆವರ್ತ ನುಡಿಸಿದೆ.
ಅರ್ಧ ಮಾತ್ರೆ ತಡವಾಗಿ ಒತ್ತಿದೆ.
ಸುತ್ತು ಕುಂಟಿತು.
ಪ್ರತಿ ಸಲವೂ ಅದೇ ತಗ್ಗು, ಅದೇ ಕಾಲು.
ಕೈತಾನನಾದರೆ ಹುಬ್ಬೇರಿಸಿ
ತಾನೂ ಅರ್ಧ ಮಾತ್ರೆ ಕುಂಟಿ ಸರಿಮಾಡುತ್ತಿದ್ದ,
ಆಮೇಲೆ ಬಿಯರಿನ ಲೆಕ್ಕದಲ್ಲಿ ಸೇರಿಸುತ್ತಿದ್ದ.

ಅಪ್ಪ ಮಂಗೋರ ಗುಡ್ಡದ ಗೀಗೀ ಮೇಳದಲ್ಲಿ
ಹಿಂದೆ ನಿಲ್ಲುವವ.
ಬಂದರಿನ ಅದಿರಿನ ಧೂಳು ತೊಳೆದರೂ ಹೋಗದ
ಕೆಂಪು ಉಗುರಿನಲ್ಲಿ ತುಂತುಣಿ ಮೀಟುತ್ತಿದ್ದ.
ಮುಂದಿನವ ಹಾಡಿದ್ದರ ಬಾಲ ಹಿಡಿದು
ಗೀಯ ಗೀಯ ಅನ್ನುವುದಷ್ಟೇ ಕೆಲಸ.
ಒಂದು ರಾತ್ರಿ ಸಿದ್ದಮಲ್ಲಪ್ಪನಿಗೆ ಪದ ಮರೆತುಹೋಯಿತು.
ಅಪ್ಪ ಗೀಯ ಅಂದ. ಇನ್ನೂ ಗೀಯ ಅಂದ.
ಅವನ ಮುಖ ನೋಡುತ್ತ ನೋಡುತ್ತ
ಪದ ತುಟಿಗೆ ಬರುವ ತನಕ ಎಳೆದ.
ಜನ ಅದನ್ನೂ ಹಾಡೇ ಅಂದುಕೊಂಡು
ಎರಡು ರೂಪಾಯಿ ಆಯೇರಿ ಮಾಡಿದರು.

‘ಇದು ಕಾಯುತ್ತದೇನು?’ ಕೇಳಿದೆ.
‘ಏನಕ್ಕೆ?’
‘ನಾನು ಮರೆತರೆ.’
ಲೋಟ್ಲೀಕಾರರು ಕನ್ನಡಕ ಹಣೆಗೇರಿಸಿದರು.
ಹಸಿರು ಡಬ್ಬಿ ನೋಡಿದರು, ಕೆಂಪು ನೋಡಿದರು.
‘ಹದಿನಾಲ್ಕು ಸಾವಿರದ್ದೂ ಕಾಯಲ್ಲ, ಬಾಬಾ.’

ಆ ಒಂದು ಮಾತಿನಿಂದ ನನಗೆ
ಹತ್ತು ಸಾವಿರದ ನಾನೂರು ಉಳಿಯಿತು.
ಅಡಾಪ್ಟರ್ ಬೇರೆ ಕೊಳ್ಳಬೇಕಂತೆ,
ಮುನ್ನೂರೈವತ್ತು. ಚೌಕಾಸಿ ನಡೆಯಲಿಲ್ಲ.

ರಾತ್ರಿ ಹಳೆ ಆಂಪಿಗೆ ಸಿಕ್ಕಿಸಿ ಕೂತೆ.
ಒಳಗಿಂದ ಅವ್ವ:
‘ಅದಽ ಅದಽ ಎಷ್ಟ್ ಸಲ ಬಾರಸ್ತೀಯೋ ಮೌನೇಶಾ?’
‘ನಾನಲ್ಲಬೇ, ಡಬ್ಬಿ.’
‘ಹಂಗಾರ ನೀ ಯಾಕ ಕುಂತಿ? ಬಾ ಉಣ್ಣಾಕ.’

ಕೂತೆ. ಡಬ್ಬಿ ಅಲ್ಲಿ ತನ್ನ ಪಾಡಿಗೆ,
ಅವ್ವನ ಕೈ ಇಲ್ಲಿ ರೊಟ್ಟಿ ತಟ್ಟುತ್ತ ತನ್ನ ಪಾಡಿಗೆ.
ಎಲ್ಲೂ ಕೂಡಲಿಲ್ಲ.
ಹಿಟ್ಟು ಗಟ್ಟಿಯಾದಲ್ಲಿ ಅವಳು ನಿಧಾನಿಸುತ್ತಾಳೆ,
ಅಂಚಿಗೆ ಬಂದಾಗ ಅವಸರ.

ಮೂರನೆಯ ರೊಟ್ಟಿಗೆ ಎಂಜಲು ಕೈಯಲ್ಲೇ ಎದ್ದೆ.
ಪಟಪಟ ಎರಡು ಸಲ ಒತ್ತಿದೆ,
ಉಳಿದ ಚೂರು ದನಿ ಆರಲು ಬಿಟ್ಟೆ.
ಎಡಗೈಯಿಂದ ಗಿಟಾರು ಎತ್ತಿಕೊಂಡು
ಅಡುಗೆಮನೆಯ ಬಾಗಿಲಿಗೆ ಕಿವಿಕೊಟ್ಟು ನಿಂತೆ.
ಅವ್ವ ಹಿಟ್ಟು ಉಂಡೆ ಕಟ್ಟುತ್ತಿದ್ದಳು.
ಕಾಲು ಗುಂಡಿಯ ಮೇಲಿತ್ತು.